ಮಲಗಿಸಿದ ಜಾಗ

ಧಾರವಾಡ
೧೧ ನವೆಂಬರ್ ೧೯೩೬

ಶ್ರೀ ಕಮರುದ್ದೀನ ಮಲ್ಲಿಕಸಾಬ ಅವರಿಗೆ,

ಇಂದು ನವೆಂಬರ್ ಹನ್ನೊಂದು, ಬುಧವಾರ. ಈ ಪತ್ರದ ಉದ್ದೇಶ ಒಂದೇ: ನನ್ನ ಅಣ್ಣ ಮಡಿವಾಳಪ್ಪನ ದೇಹ ಎಲ್ಲಿದೆ ಎಂಬುದನ್ನು ನಿಮ್ಮಿಂದ ತಿಳಿದುಕೊಳ್ಳುವುದು.

ನಿಮ್ಮ ತಂಡದ ಮುಖ್ಯಸ್ಥರು ಇಂಗ್ಲಿಷಿನಲ್ಲಿ ಬರೆದ ಅರ್ಧ ಪುಟದ ಕಾಗದ ಅಕ್ಟೋಬರಿನಲ್ಲಿ ನಮಗೆ ಮುಟ್ಟಿತು. ಮನೆಯಲ್ಲಿ ಇಂಗ್ಲಿಷು ಬಲ್ಲವಳು ನಾನೊಬ್ಬಳೇ ಆದ್ದರಿಂದ ಅದನ್ನು ಓದಿ, ಅನುವಾದಿಸಿ, ಅವ್ವನಿಗೆ ಹೇಳುವ ಕೆಲಸ ನನ್ನದಾಯಿತು. ನಕಾಶೆಕಾರ ಮಡಿವಾಳಪ್ಪ ಹಿಮನದಿಯ ಮೇಲೆ ನಡೆದ ಅಪಘಾತದಲ್ಲಿ ಮೃತನಾದನು, ದೇಹ ಅಲ್ಲಿಯೇ ಉಳಿಯಿತು ಎಂದು ಅದರಲ್ಲಿದೆ. ‘ಅಲ್ಲಿಯೇ’ ಎಂಬುದು ಸ್ಥಳದ ಹೆಸರಲ್ಲ. ಹಿಮನದಿಗಳ ಅಳತೆಗೆಂದೇ ಸರ್ಕಾರ ನೇಮಿಸಿದ ತಂಡ ಇದಕ್ಕಿಂತ ಖಚಿತವಾಗಿ ಬರೆಯಬಹುದಾಗಿತ್ತು.

ನೀವು ಹುಬ್ಬಳ್ಳಿಯವರು. ಅಣ್ಣನೊಡನೆ ಒಂದೇ ಶಾಲೆಯಲ್ಲಿ ಕಲಿತವರು. ಉಪಕರಣಗಳ ದುರಸ್ತಿಗೆ ನಿಮ್ಮನ್ನು ಆ ತಂಡಕ್ಕೆ ಸೇರಿಸಿದವನೂ ಅವನೇ. ನಮ್ಮ ತಂದೆಯವರು ತೀರಿಕೊಂಡಾಗ ಗಬ್ಬೂರಿನ ನಮ್ಮ ಹೊಲಕ್ಕೆ ನೀವು ಬಂದಿದ್ದಿರಿ. ನಮ್ಮಲ್ಲಿ ಸತ್ತವರನ್ನು ಹೇಗೆ ಕೂಡಿಸುತ್ತಾರೆಂಬುದನ್ನು ಕಣ್ಣಾರೆ ಕಂಡಿದ್ದೀರಿ. ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ಪೂಜೆಗೆ ಕುಳಿತವರಂತೆ ಮಣ್ಣಿನೊಳಗಿನ ಗೂಡಿನಲ್ಲಿ ಕೂಡಿಸುತ್ತೇವೆ. ತಂದೆಯವರ ಸಮಾಧಿಯ ಪಕ್ಕದ ನೆಲವನ್ನು ಅವ್ವ ತನಗೆಂದು ಬಿಟ್ಟುಕೊಂಡಿದ್ದಳು. ಈಗ ಅದು ಮಗನಿಗೆ ಎನ್ನುತ್ತಾಳೆ. ಗಬ್ಬೂರಿಗೆ ಹೋದಾಗಲೆಲ್ಲ ನನಗೆ ಅವಳು ಹೇಳುವುದು ಒಂದೇ ಮಾತು: "ಕಮರುದ್ದೀನಗ ಕೇಳಿ ಬರಿಯವ್ವಾ, ನನ್ನ ಮಗಾ ಎಲ್ಲಿ ಕುಂತಾನಂತ."

ನಿಮ್ಮಿಂದ ಸಾಂತ್ವನದ ಮಾತುಗಳು ಬೇಡ. ಅವು ಇಲ್ಲಿ ಬೇಕಾದಷ್ಟಿವೆ. ಸ್ಥಳವನ್ನು ತಿಳಿಸಿರಿ.

ದಾನವ್ವ ಗುರುಶಿದ್ದಪ್ಪ


ಅಲ್ಮೋಡಾ
೬ ಡಿಸೆಂಬರ್ ೧೯೩೬

ದಾನವ್ವನವರಿಗೆ ಹುಬ್ಬಳ್ಳಿಯ ಕಮರುದ್ದೀನನ ಸಲಾಮು.

ನಿಮ್ಮ ಪತ್ರ ಬಂದು ವಾರವಾಯಿತು. ಚಳಿಗಾಲಕ್ಕೆ ನಾವೆಲ್ಲ ಕೆಳಗೆ ಇಳಿದು ಬಂದಿದ್ದೇವೆ. ನಿಮ್ಮ ಹಾಗೆ ಬರೆಯಲು ನನಗೆ ಬರುವುದಿಲ್ಲ. ಮಡಿವಾಳಪ್ಪ ಹೇಳುತ್ತಿದ್ದ, "ನಮ್ಮ ದಾನಿಗಿ ಪತ್ರಾ ಬರಿಯೂದಂದ್ರ ಪರೀಕ್ಷಾ ಪೇಪರ ಬರದಂಗಲೇ. ತಪ್ಪು ಹುಡುಕಿ ಕೆಂಪು ಶಾಯಿ ಹಚ್ಚಿ ವಾಪಸ್ ಕಳಸ್ತಾಳ." ಆದರೂ ನಿಮ್ಮ ಪತ್ರ ಬಂದ ದಿನ ಕೆಲಸ ಬಿಟ್ಟು ಓದುತ್ತಿದ್ದ. ನನಗೂ ಓದಿ ಹೇಳುತ್ತಿದ್ದ.

ಅವನಿದ್ದ ಜಾಗ ಹೇಗಿದೆ ಎಂದು ಮೊದಲು ಬರೆಯುತ್ತೇನೆ. ನಮ್ಮ ಕಡೆ ಹಳ್ಳ ಕೊರೆದರೆ ಕೆಳಗಿಳಿದಂತೆ ಕಿರಿದಾಗುತ್ತದೆ. ಇಲ್ಲಿ ಕಣಿವೆಯ ತಳ ಅಗಲ, ಎರಡೂ ಬದಿಗೆ ಗೋಡೆ ಎದ್ದಂತೆ ಬೆಟ್ಟ. ದನಗಳಿಗೆ ನೀರು ಹಾಕುವ ಕಲ್ಲಿನ ದೋಣಿಯನ್ನು ಯಾರೋ ಹರದಾರಿಗಟ್ಟಲೆ ಉದ್ದ ಕಡಿದಿಟ್ಟ ಹಾಗೆ. ಬದಿಯ ಬಂಡೆಗಳ ಮೇಲೆ ಕೈಯಾಡಿಸಿದರೆ ನುಣುಪು, ನಡುನಡುವೆ ಉದ್ದುದ್ದ ಗೀರು, ಎಲ್ಲ ಗೀರುಗಳೂ ಒಂದೇ ದಿಕ್ಕಿಗೆ. ಮೊದಲ ಸಲ ನೋಡಿದಾಗ ಮಡಿವಾಳಪ್ಪ ಅಲ್ಲಿಯೇ ಕುಳಿತುಬಿಟ್ಟ.

"ಕಮರ್ಯಾ, ಇದು ನೀರು ಕೊರದ ಹಾದಿ ಅಲ್ಲೋ. ಐಸು ಕುಂಟಿ ಹೊಡದೈತಿ," ಎಂದ.

"ಎತ್ತು ಎಲ್ಲಿ ಅದಾವು?" ಎಂದೆ ನಾನು.

"ಎತ್ತು ಬ್ಯಾಡ ಅದಕ್ಕ. ತಾನಾಗೇ ನಡೀತೈತಿ."

"ನಿಂತಂಗ ಕಾಣತೈತಲ್ಲಪಾ."

"ತಾಸಿನ ಮುಳ್ಳು ನಡಿಯೂದು ನಿನಗ ಕಾಣತೈತೇನು? ಗಡಿಯಾರ ರಿಪೇರಿ ಮಾಡಾವರ ಮನಿ ಹುಡುಗ ನೀ."

ನಮ್ಮ ಕೆಲಸವೂ ಅದೇ. ಹಿಮದ ಮೇಲೆ ಈ ದಂಡೆಯಿಂದ ಆ ದಂಡೆಗೆ ಕೆಂಪು ಬಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಡುವುದು. ಮರುವರ್ಷ ಬಂದು ನೋಡಿದರೆ ಸಾಲು ಬಿಲ್ಲಿನಂತೆ ಬಾಗಿರುತ್ತದೆ, ನಡುವಿನ ಕಲ್ಲು ಎಲ್ಲಕ್ಕಿಂತ ಮುಂದೆ ಹೋಗಿರುತ್ತದೆ. ದುರ್ಬೀನಿನಲ್ಲಿ ನೋಡಿ ನಿಮ್ಮ ಅಣ್ಣ ಅಳತೆ ಹೇಳುತ್ತಿದ್ದ. ನಡುವಿನ ಕಲ್ಲು ಹೋದ ವರ್ಷ ಸುಮಾರು ನೂರು ಅಡಿ ಹೋಗಿತ್ತು.

ಸೆಪ್ಟೆಂಬರ್ ಕೊನೆಗೆ ಹೊಸ ಹಿಮ ಬಿದ್ದು ಹಿಮನದಿಯ ಆಳವಾದ ಬಿರುಕುಗಳ ಬಾಯಿ ಮುಚ್ಚಿತ್ತು. ಅವನು ಕಲ್ಲಿನ ಸಾಲು ನೋಡಲು ಮುಂದೆ ಹೋದ. ಬಿದ್ದ. ನಮ್ಮಲ್ಲಿದ್ದ ಹಗ್ಗ ಸಾಲಲಿಲ್ಲ. ಕೂಗಿದರೆ ಉತ್ತರ ಬರಲಿಲ್ಲ. ಅವನು ಹಿಮದ ಒಳಗೇ ಉಳಿದ. ನೀವು ಕೇಳಿದ ಸ್ಥಳ ಅದು.

ಅವ್ವಾರಿಗೆ ನನ್ನ ಸಲಾಮು ಹೇಳಿರಿ. ಅವನಿಗೆ ನೋವಾಗಲಿಲ್ಲವೆಂದು ಹೇಳಿರಿ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು.

ಕಮರುದ್ದೀನ


ಧಾರವಾಡ
೨೦ ಜನವರಿ ೧೯೩೭

ಶ್ರೀ ಕಮರುದ್ದೀನ ಅವರಿಗೆ,

ನಿಮ್ಮ ಪತ್ರದಲ್ಲಿ, ನಿಮಗೆ ಅರಿವಿಲ್ಲದೆಯೇ, ನನಗೆ ಬೇಕಾದದ್ದು ಸಿಕ್ಕಿದೆ. ಅದಕ್ಕಾಗಿ ಕೃತಜ್ಞಳು.

ಕ್ರಿಸ್‌ಮಸ್ಸಿನ ರಜೆಯಲ್ಲಿ ನಮ್ಮ ಕಾಲೇಜಿನ ಪ್ರಾಧ್ಯಾಪಕರಿಂದ ಭೂಗರ್ಭಶಾಸ್ತ್ರದ ಎರಡು ದೊಡ್ಡ ಗ್ರಂಥಗಳನ್ನು ಎರವಲು ತಂದು ಓದಿದೆ. ಕೊಡುವಾಗ ಅವರು ಇದು ಪರೀಕ್ಷೆಗೆ ಬರುವುದಿಲ್ಲವಲ್ಲ ಎಂದರು. ಪರೀಕ್ಷೆಗೆ ಬರುವುದೆಲ್ಲ ಓದಿಯಾಗಿದೆ ಎಂದು ಹೇಳಿದೆ. ನೀವು ಕಣಿವೆಯನ್ನು ದೋಣಿಗೆ ಹೋಲಿಸಿದ್ದು ಸರಿಯಾಗಿದೆ. ಅಣ್ಣನ ಕುಂಟೆಯ ಮಾತು ಮಾತ್ರ ಪೂರ್ಣವಾಗಿ ಸರಿಯಲ್ಲ. ಬರಿಯ ಹಿಮ ಬಂಡೆಯನ್ನು ಗೀರಲಾರದು. ತನ್ನ ತಳದಲ್ಲಿ ಕಚ್ಚಿ ಹಿಡಿದ ಕಲ್ಲುಗಳಿಂದ ಅದು ನೆಲವನ್ನು ಉಜ್ಜುತ್ತ ಸಾಗುತ್ತದೆ. ಹಾಗೆ ಉಜ್ಜಿಯೇ ಅದು ಕಣಿವೆಗಳನ್ನು ಅಗಲಿಸಿತು, ಸರೋವರಗಳಿಗೆ ಗುಂಡಿ ತೋಡಿತು, ಶಿಖರಗಳನ್ನು ಸುತ್ತಲಿಂದ ಕೆತ್ತಿ ಚೂಪು ಮಾಡಿತು. ಒಂದು ಯುಗದಲ್ಲಿ ಯುರೋಪಿನ ಉತ್ತರ ಭಾಗವೆಲ್ಲ ಅದರ ಅಡಿಯಲ್ಲಿತ್ತು. ಮನೆಯಷ್ಟು ದೊಡ್ಡ ಬಂಡೆಗಳನ್ನು ಅದು ದೂರದ ಬೆಟ್ಟಗಳಿಂದ ಹೊತ್ತು ತಂದು, ಅವಕ್ಕೂ ನೆಲಕ್ಕೂ ಯಾವ ಸಂಬಂಧವೂ ಇಲ್ಲದ ಬಯಲಿನಲ್ಲಿ ಇಳಿಸಿ ಹೋಯಿತು. ನಮ್ಮ ದೇಶದಲ್ಲಿಯೂ, ಒರಿಸ್ಸಾದ ಬಿಸಿಲಿನಲ್ಲಿ, ಅತಿ ಪ್ರಾಚೀನ ಹಿಮ ಗೀರಿ ಬಿಟ್ಟುಹೋದ ಕಲ್ಲುಗಳು ಇಂದಿಗೂ ಸಿಗುತ್ತವೆ.

ಇದನ್ನೆಲ್ಲ ಬರೆಯಲು ಕಾರಣವಿದೆ. ಹಿಮನದಿ ತಾನು ಹೊತ್ತದ್ದನ್ನು ಕೊನೆಗೆ ತನ್ನ ಮೂತಿಯ ಬಳಿ, ಅಂದರೆ ಅದು ಕರಗಿ ಮುಗಿಯುವ ಕೆಳತುದಿಯಲ್ಲಿ, ಇಳಿಸಲೇಬೇಕು. ಯುರೋಪಿನ ಪರ್ವತಗಳಲ್ಲಿ ಬಿರುಕಿಗೆ ಬಿದ್ದವರು ಎಷ್ಟೋ ವರ್ಷಗಳ ಮೇಲೆ, ಬಿದ್ದಾಗ ಹೇಗಿದ್ದರೋ ಹೆಚ್ಚುಕಡಿಮೆ ಹಾಗೆಯೇ, ಕೆಳಗೆ ದೊರೆತ ಉದಾಹರಣೆಗಳಿವೆ. ಆದ್ದರಿಂದ ಅಣ್ಣ ಬಿದ್ದ ಜಾಗದಿಂದ ಮೂತಿಯವರೆಗಿನ ದೂರ ತಿಳಿದರೆ, ನಿಮ್ಮ ಕೆಂಪು ಕಲ್ಲಿನ ವೇಗದಿಂದ ಅದನ್ನು ಭಾಗಿಸಿ, ಅವನು ಯಾವ ವರ್ಷ ಹೊರಬರುವನೆಂದು ನಾನು ಹೇಳಬಲ್ಲೆ. ಆ ದೂರವನ್ನು ಬರೆದು ಕಳಿಸಿರಿ.

ಅವ್ವನಿಗೆ ಇದನ್ನು ಹೇಳಿದೆ. ಅವಳು ಕಾಳು ಹಸನು ಮಾಡುತ್ತಿದ್ದಳು.

"ಹಂಗಾದ್ರ ಬರತಾನೇನು?" ಎಂದಳು.

"ಬರತಾನವ್ವ. ವರ್ಷ ಹಿಡೀತಾವು."

"ಮುದುಕ ಆಗಿರತಾನೇನು?"

"ಇಲ್ಲ. ಹೋದಾಗ ಹೆಂಗಿದ್ದನೋ ಹಂಗ ಇರತಾನ."

ಮೊರ ಕೆಳಗಿಟ್ಟಳು. ಆಮೇಲೆ, "ನಾ ಮುದುಕಿ ಆಗಿರತೇನಿ. ಅಂವಾ ನನ್ನ ಗುರುತು ಹಿಡೀಬೇಕಲ್ಲ," ಎಂದಳು. ಅಕ್ಟೋಬರಿನಿಂದ ಈಚೆ ಅವಳು ಮುಗುಳ್ನಕ್ಕದ್ದು ಅದೇ ಮೊದಲು.

ದೇಹ ಸಿಗದಿದ್ದರೆ ಬದಲಿಗೆ ಒಂದು ರೂಪ ಮಾಡಿ ಕೂಡಿಸಿ ಕ್ರಿಯೆ ಮುಗಿಸಬಹುದೆಂದು ನಮ್ಮ ಮನೆಯ ಅಯ್ಯನವರು ಹೇಳಿದ್ದರು. ನಮ್ಮ ಕಾಕಾ ಸಿದ್ದಲಿಂಗಪ್ಪನವರು ದಿನವನ್ನೂ ಗೊತ್ತುಮಾಡಿದ್ದರು. ಅವ್ವ ಈಗ ಬೇಡವೆಂದಳು. ಕಾಕಾ ಅರಳೆ ಅಂಗಡಿಯಲ್ಲಿ ಎಲ್ಲರ ಮುಂದೆ, "ನಮ್ಮ ದಾನವ್ವ ಐಸಿನ ಟಾಯಿಮ್‌ಟೇಬಲ್ ಬರಿಯಾಕತ್ತಾಳ್ರಿ. ಗಾಡಿ ಬಂದ ಕೂಡ್ಲೇ ಸ್ಟೇಶನ್ನಿಗೆ ಹೋಗೂದು, ಹುಡುಗನ್ನ ಕರಕೊಂಡು ಬರೂದು," ಎಂದು ನಕ್ಕರಂತೆ. ನಗಲಿ. ವಿದ್ಯೆ ಮನೆಗೆ ಏನು ಕೊಟ್ಟಿತೆಂದು ಅವರು ಕೇಳುತ್ತಿದ್ದರು. ಅವ್ವನಿಗೆ ಇಷ್ಟನ್ನಾದರೂ ಕೊಟ್ಟಿದೆ.

ದೂರದ ಅಳತೆಯನ್ನು ಮರೆಯದೆ ಬರೆಯಿರಿ.

ದಾನವ್ವ


(ಕಾರ್ಡು)

ಧಾರವಾಡ
೨ ಮಾರ್ಚ್ ೧೯೩೭

ಶ್ರೀ ಕಮರುದ್ದೀನ ಅವರಿಗೆ,

ಜನವರಿಯ ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ. ಅಳತೆ ಸಿಗದ ಹೊರತು ನನ್ನ ಲೆಕ್ಕ ಮುಂದುವರಿಯದು. ಅವ್ವ ಗಬ್ಬೂರಿನಿಂದ ಬಂದವರ ಕೈಯಲ್ಲೆಲ್ಲ ಕೇಳಿ ಕಳಿಸುತ್ತಿದ್ದಾಳೆ. ನಿಮಗೆ ಅಂಕಿಗಳು ದೊರೆಯದಿದ್ದರೆ ನಿಮ್ಮ ಮುಖ್ಯಸ್ಥರಿಗೇ ಬರೆಯುತ್ತೇನೆ.

ದಾನವ್ವ


ಅಲ್ಮೋಡಾ
೨೮ ಮಾರ್ಚ್ ೧೯೩೭

ದಾನವ್ವನವರಿಗೆ,

ನಿಮ್ಮ ಲೆಕ್ಕ ನಿಲ್ಲಿಸಿರಿ. ಮಡಿವಾಳಪ್ಪ ಹಿಮದ ಒಳಗಿಲ್ಲ.

ಅವನು ಬಿದ್ದದ್ದು ನಿಜ. ಹಗ್ಗ ಸಾಲಲಿಲ್ಲ ಎಂದು ಬರೆದದ್ದು ಸುಳ್ಳು. ಇಬ್ಬರು ಕೂಲಿಗಳು ಹಗ್ಗ ಹಿಡಿದರು, ನಾನೇ ಇಳಿದೆ. ಅವನು ಕೆಳಗೆ ಎರಡು ಹಿಮದ ಗೋಡೆಗಳ ನಡುವೆ ಸಿಕ್ಕಿಕೊಂಡಿದ್ದ. ಕಣ್ಣು ಮುಚ್ಚಿತ್ತು. ಉಸಿರು ಇರಲಿಲ್ಲ. ಮೇಲಕ್ಕೆ ತಂದು, ಬಿಡಾರಕ್ಕೆ ಹೊತ್ತು ತರುವಷ್ಟರಲ್ಲಿ ಮೈಯೆಲ್ಲ ಸೆಟೆದು ಕಟ್ಟಿಗೆಯಾಗಿತ್ತು.

ಹಿಮ ಬೀಳುತ್ತಿತ್ತು. ನಮ್ಮ ತಂಡದ ಮುಖ್ಯಸ್ಥ ಸಾಹೇಬರು ಬಿಡಾರ ಕೀಳಲು ಹೇಳಿದರು. ನಾನು ಒಂದು ಹೊತ್ತಿನ ಬಿಡುವು ಕೇಳಿದೆ, ಕೊಟ್ಟರು. ನಿಮ್ಮ ತಂದೆಯವರನ್ನು ಕೂಡಿಸಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಹಾಗೆಯೇ ಮಾಡಬೇಕೆಂದು ಅವನ ಹಿಂದೆ ಕುಳಿತು, ಎದೆಗೆ ಆನಿಸಿಕೊಂಡು, ಮೊಣಕಾಲು ಮಡಿಸಲು ನೋಡಿದೆ. ಮಡಿಯಲಿಲ್ಲ. ನನ್ನ ಮೈಯ ಬಿಸಿ ತಾಗಿಸಿದೆ, ಕೈಯಿಂದ ತಿಕ್ಕಿದೆ. ಆಗಲಿಲ್ಲ. ಕೂಲಿಗಳಲ್ಲೊಬ್ಬ ಗುದ್ದಲಿಯ ಕಾವು ತೋರಿಸಿ, ಕಾಲಿನ ಎಲುಬು ಮುರಿದರೆ ಕೂರುತ್ತಾನೆ ಎಂದ. ನಾನು ಬೇಡವೆಂದೆ.

ಮಲಗಿಸಿದೆ. ಬಲಮಗ್ಗುಲಿಗೆ, ನಮ್ಮ ಅಬ್ಬಾನನ್ನು ಮಲಗಿಸಿದ ಹಾಗೆ. ನನಗೆ ತಿಳಿದಿದ್ದ ರೀತಿ ಅದೊಂದೇ. ಕೊರಳಲ್ಲಿದ್ದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ಜಾರಬಾರದೆಂದು ನನ್ನ ದಸ್ತಿ ಸುತ್ತಿ ಕಟ್ಟಿದೆ. ಬಿಲ್ವ ಅಲ್ಲಿ ಎಲ್ಲಿಯದು, ನೆಲಕ್ಕೆ ಹರಡಿಕೊಂಡ ಯಾವುದೋ ಮುಳ್ಳುಗಿಡದ ಸೊಪ್ಪು ಹಾಕಿದೆ.

ನಿಮ್ಮ ಮೊದಲ ಪತ್ರದಲ್ಲಿ ಅವ್ವಾರು, ಮಗ ಎಲ್ಲಿ ಕುಳಿತಿದ್ದಾನೆ ಎಂದು ಕೇಳಿದ್ದರು. ಕುಳಿತಿಲ್ಲ, ಮಲಗಿಸಿದ್ದೇನೆ, ಅದೂ ನಮ್ಮ ರೀತಿಯಲ್ಲಿ ಎಂದು ಹೇಗೆ ಬರೆಯಲಿ. ಹಿಮದಲ್ಲಿ ಉಳಿದ ಎಂದರೆ ದೇವರ ಮೇಲೆ ಹೋಗುತ್ತದೆ ಎಂದುಕೊಂಡೆ. ನೀವು ಲೆಕ್ಕ ಹಾಕುವಿರೆಂದು ನನಗೇನು ಗೊತ್ತಿತ್ತು.

ಒಂದು ಕೆಲಸ ಮಾತ್ರ ಎಚ್ಚರದಿಂದ ಮಾಡಿದ್ದೇನೆ, ಅಷ್ಟನ್ನು ನಂಬಿರಿ. ಅವನನ್ನು ಕೊಂದ ಆ ಹಿಮದಲ್ಲಿ ಅವನನ್ನು ಬಿಡಲಿಲ್ಲ. ಹಿಮದ ದಂಡೆಗೆ ಕಲ್ಲುಮಣ್ಣಿನ ದೊಡ್ಡ ಏರಿಯಿದೆ, ನಮ್ಮ ಉಣಕಲ್ ಕೆರೆಯ ಏರಿಯ ಹಾಗೆ, ಅದಕ್ಕಿಂತ ಎತ್ತರ. ಮೇಲೆ ಅಲ್ಲಲ್ಲಿ ಹುಲ್ಲೂ ಇದೆ. ಸಾಹೇಬರ ಡೇರೆಯೂ ಅದರ ಮೇಲೇ ಇತ್ತು. ಪಕ್ಕದಲ್ಲಿ ಒಂದು ಸಣ್ಣ ಹೊಂಡ, ನೀರು ಹಸಿರು. ಅಲ್ಲಿಯೇ ಅಗೆದೆವು. ಮೊಳಕಾಲುದ್ದ ಹೋದ ಮೇಲೆ ಕರಿಕಲ್ಲಿನಂಥ ನೆಲ ತಾಗಿ ಗುದ್ದಲಿ ಪುಟಿಯಿತು. ಕೆಳಗೆ ಗಟ್ಟಿ ತಳ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಆಳದಲ್ಲಿ ಎಲ್ಲೋ ನೀರು ಹರಿಯುವ ಸದ್ದು ಬಿಟ್ಟರೆ ಮತ್ತೇನೂ ಇಲ್ಲ. ಮೇಲೆ ಕಲ್ಲು ಒಟ್ಟಿ, ತಲೆಯ ಕಡೆ ಒಂದು ಚಪ್ಪಡಿ ನಿಲ್ಲಿಸಿ, ಉಳಿಯಿಂದ ಅವನ ಹೆಸರಿನ ಮೊದಲ ಅಕ್ಷರ ಕಡಿದೆ.

ಜೂನಿನಲ್ಲಿ ದಾರಿ ತೆರೆಯುತ್ತದೆ. ನೀವು ಹೇಳಿದರೆ ಹೋಗುತ್ತೇನೆ. ಎತ್ತಿ, ನಿಮ್ಮ ರೀತಿಯಲ್ಲಿ ಆಗುವಂತೆ ತರುತ್ತೇನೆ. ಹೇಳದಿದ್ದರೆ ಅವನ ಮೇಲಿನ ಒಂದು ಕಲ್ಲನ್ನೂ ಮುಟ್ಟುವುದಿಲ್ಲ.

ಕಮರುದ್ದೀನ


ಧಾರವಾಡ
೧೯ ಏಪ್ರಿಲ್ ೧೯೩೭

ಕಮರುದ್ದೀನ ಅವರಿಗೆ,

ನಿಮ್ಮ ಪತ್ರವನ್ನು ಒಮ್ಮೆ ಓದಿದೆ. ಎರಡನೆಯ ಸಲ ಓದುವ ಮನಸ್ಸಾಗಲಿಲ್ಲ.

ನೀವು ಮಲಗಿಸಿದ್ದನ್ನು ನಾನು ಅಪರಾಧವೆಂದು ಎಣಿಸುವುದಿಲ್ಲ. ಆದರೆ ನಾಲ್ಕು ತಿಂಗಳ ಕಾಲ ನನ್ನ ಬಾಯಿಂದ ಅವ್ವನಿಗೆ ಸುಳ್ಳು ಹೇಳಿಸಿದಿರಿ. ಹಿಮ ಮಗನನ್ನು ತಂದುಕೊಡುತ್ತದೆಂದು ಹೇಳಿದವಳು ನಾನು. ಅವಳು ನಂಬಿದ್ದು ಶಾಸ್ತ್ರವನ್ನಲ್ಲ, ನನ್ನನ್ನು. ಈ ವರ್ಷದ ಪರೀಕ್ಷೆಯಲ್ಲಿಯೂ ನಾನೇ ಮೊದಲನೆಯವಳೆಂದು ಪ್ರಾಧ್ಯಾಪಕರು ಕಳೆದ ವಾರ ತಿಳಿಸಿದರು. ಆ ಮಾತನ್ನು ಮನೆಯಲ್ಲಿ ಹೇಳಲು ಮುಖವಿಲ್ಲದೆ ಬಂದಿದ್ದೇನೆ.

ಗಬ್ಬೂರಿಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಕಾಕಾ ಅಲ್ಲಿಯೇ ಇದ್ದರು. ನಗುತ್ತಾರೆಂದು ತಿಳಿದಿದ್ದೆ, ಅವರು ರುಮಾಲು ತೆಗೆದು ಹೊರಗೆ ಹೋಗಿ ನಿಂತರು. ಅವ್ವ ಕೇಳಿದ್ದು ಎರಡೇ ಮಾತು. ಮೊದಲನೆಯದು: "ಹೊದಿಸಿದ್ದನೇನು ಕೇಳು, ಏನರ ಬೆಚ್ಚಗ." ಅದನ್ನು ಇಲ್ಲಿ ಬರೆದಿದ್ದೇನೆ, ಉತ್ತರಿಸಿರಿ. ಎರಡನೆಯದು ಹೊತ್ತು ಬಿಟ್ಟು ಬಂತು. "ಅಂವಗ ತಂದು ಕೂಡಸ್ರಿ. ಅವರಪ್ಪನ ಬಾಜೂಕ. ನಾ ಕಣ್ಣಿಲೆ ನೋಡಬೇಕು, ಆಮ್ಯಾಲೆ ನನ್ನ ಎಲ್ಲಿ ಬೇಕಾರ ಇಡ್ರಿ."

ಆದುದರಿಂದ ಜೂನಿನಲ್ಲಿ ಹೋಗಿರಿ. ಅವನನ್ನು ತನ್ನಿರಿ. ನಿಮ್ಮಿಂದ ನಾನು ನಿರೀಕ್ಷಿಸುವುದು ಇಷ್ಟೇ, ಮತ್ತು ಇನ್ನು ಮುಂದೆ ನಿಜ.

ದಾನವ್ವ


ಅಲ್ಮೋಡಾ ಜಿಲ್ಲೆ, ಮೇಲಿನ ಕಣಿವೆಯ ಹಳ್ಳಿಯಿಂದ
೨೨ ಜುಲೈ ೧೯೩೭

ದಾನವ್ವನವರಿಗೆ ಸಲಾಮು.

ಹೊದಿಸಿದ್ದೆ. ನನ್ನ ಕಂಬಳಿ, ಅಮ್ಮಾ ಹುಬ್ಬಳ್ಳಿಯಿಂದ ಕಟ್ಟಿ ಕಳಿಸಿದ್ದ ಕರಿ ಕಂಬಳಿ. ಅವ್ವಾರಿಗೆ ಹೇಳಿರಿ.

ತಂಡದ ಕೆಲಸ ಬಿಟ್ಟೆ. ರಜೆ ಕೊಡಲಿಲ್ಲ, ಅದಕ್ಕೆ. ಜೂನಿನ ಕೊನೆಗೆ ಒಬ್ಬನೇ ಏರಿಯ ಮೇಲೆ ಹೋದೆ. ನಿಜ ಬರೆಯಬೇಕೆಂದು ನೀವು ಹೇಳಿದ್ದೀರಿ, ಆದ್ದರಿಂದ ಬರೆಯುತ್ತೇನೆ. ನಾನು ಬಿಟ್ಟು ಬಂದ ಹಾಗೆ ಅದು ಇಲ್ಲ.

ಅಂದು ಅಲ್ಲಿ ನಿಂತಾಗ ಎದುರಿನ ಎರಡು ಶಿಖರಗಳು ಒಂದರ ಹಿಂದೊಂದು ಸರಿಯಾಗಿ ಬರುತ್ತಿದ್ದವು, ಅದನ್ನೇ ಗುರುತು ಮಾಡಿಕೊಂಡಿದ್ದೆ. ಆ ಗುರುತಿಗೆ ಹೋಗಿ ನಿಂತರೆ ಬರಿಯ ಕಲ್ಲು. ಹುಡುಕುತ್ತ ಇಳಿದಾಗ ಬಹಳ ಕೆಳಗೆ ಚಪ್ಪಡಿ ಸಿಕ್ಕಿತು, ಅಕ್ಷರ ನಾನೇ ಕಡಿದದ್ದು, ಅದು ಹೊಂಡದ ಕಡೆಗೆ ವಾಲಿ ನಿಂತಿತ್ತು. ಒಟ್ಟಿದ ಕಲ್ಲು ಅರ್ಧ ಚೆದರಿವೆ. ಹೊಂಡ ಅಂದು ಎಮ್ಮೆ ಮಲಗುವಷ್ಟು ಇತ್ತು, ಈಗ ಕೆರೆಯಾಗಿದೆ, ದಂಡೆ ಕಡಿದು ಕಡಿದು ಬೀಳುತ್ತಿದೆ.

ಇದು ಕುರಿ ಕಾಯುವವರ ಕೆಲಸ ಎಂದು ನನಗೆ ಸಂಶಯ. ಬೇಸಿಗೆಗೆ ಅವರು ಅಲ್ಲಿಗೆ ಮಂದೆ ತರುತ್ತಾರೆ. ಏನೋ ಹೂತಿಟ್ಟಿದ್ದಾರೆಂದು ಕಲ್ಲು ಕಿತ್ತು ನೋಡಿರಬೇಕು. ಅವರ ಮುಖಂಡನನ್ನು ಹಿಡಿದು ಕೇಳಿದೆ. ಅವನು ಏರಿ ಪ್ರತಿ ವರ್ಷ ಹೀಗೆಯೇ ಎಂದು ಏನೇನೋ ಹೇಳಿದ. ಕಳ್ಳನ ಮಾತು ಎಂದೆ. ಕೈ ಕೈ ಹತ್ತಿತು. ನಮ್ಮ ಕಡೆಯ ಕುಲಕರ್ಣಿಯಂತಿರುವ ಹಳ್ಳಿಯ ಪಟವಾರಿಯ ಹತ್ತಿರ ಅವರ ಮೇಲೆ ದೂರು ಕೊಟ್ಟಿದ್ದೇನೆ. ಇಲ್ಲವಾದರೆ ತಪ್ಪು ನನ್ನದು, ಜಾಗವನ್ನೇ ತಪ್ಪು ಗುರುತಿಟ್ಟುಕೊಂಡಿದ್ದೇನೆ. ಒಬ್ಬ ಮನುಷ್ಯನನ್ನು ಮಣ್ಣಿಗೆ ಕೊಟ್ಟ ಜಾಗ ನೆನಪಿಡಲು ಬಾರದವನು ಎಂಥ ಗೆಳೆಯ ಎಂದು ಈ ಊರಿನ ಮಳೆಯಲ್ಲಿ ಕುಳಿತು ಯೋಚಿಸುತ್ತಿರುತ್ತೇನೆ.

ಮಳೆ ನಿಂತ ಮೇಲೆ, ಸೆಪ್ಟೆಂಬರಿನಲ್ಲಿ, ಹೊಸ ಹಿಮ ಬೀಳುವ ಮೊದಲು ಮತ್ತೆ ಹತ್ತುತ್ತೇನೆ. ಚಪ್ಪಡಿಯ ಕೆಳಗಿನಿಂದ ಹೊಂಡದ ದಂಡೆಯುದ್ದಕ್ಕೂ ಅಗೆಯುತ್ತೇನೆ, ಸಿಗುವವರೆಗೂ. ಆದರೆ ಜಗಳವಾದ ಮೇಲೆ ಪಟವಾರಿ, ಸತ್ತವನ ಮನೆಯವರ ಒಪ್ಪಿಗೆಯ ಪತ್ರವಿಲ್ಲದೆ ಗೋರಿ ಅಗೆಯಲು ಬಿಡುವುದಿಲ್ಲ ಎಂದು ಕುಳಿತಿದ್ದಾನೆ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು, ಅವ್ವಾರ ಹೆಬ್ಬೆಟ್ಟು ಒತ್ತಿಸಿ ಕಳಿಸಿರಿ. ನೀವು ಬರೆದರೆ ಹೋಗುತ್ತೇನೆ, ಬರೆಯದಿದ್ದರೆ ಇಲ್ಲ. ಮಾರ್ಚಿನಲ್ಲಿ ಕೊಟ್ಟ ಮಾತು ಅದು.

ಈ ಸಲ ಅವನನ್ನು ಕೂಡಿಸಿಯೇ ಬರುತ್ತೇನೆ.

ಕಮರುದ್ದೀನ


ಧಾರವಾಡ
೧೪ ಆಗಸ್ಟ್ ೧೯೩೭

ಕಮರುದ್ದೀನ ಅಣ್ಣನವರಿಗೆ,

ಈ ಪತ್ರವನ್ನು ಅಂಚೆಗೆ ಹಾಕುವೆನೋ ಇಲ್ಲವೋ ತಿಳಿಯದು. ಬರೆದು ನೋಡದೆ ನನಗೆ ಯಾವುದೂ ಸ್ಪಷ್ಟವಾಗುವುದಿಲ್ಲ.

ನಿಮ್ಮ ಜುಲೈ ಪತ್ರ ಬಂದ ಮೇಲೆ ಮಾರ್ಚಿನದನ್ನು ತೆಗೆದು ಎರಡನೆಯ ಸಲ ಓದಿದೆ. ಎಲ್ಲವೂ ಅದರಲ್ಲಿಯೇ ಇತ್ತು. ಹಸಿರು ನೀರಿನ ಹೊಂಡ, ಆಳದಲ್ಲಿ ಹರಿಯುವ ನೀರು, ಗುದ್ದಲಿ ಪುಟಿದ ಕರಿಯ ತಳ. ತರಗತಿಯಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುವವಳು ನಾನು. ಅಂದು ಸಿಟ್ಟಿನಿಂದ ಓದಿ, ನಿಮ್ಮ ಸುಳ್ಳನ್ನು ಬಿಟ್ಟು ಬೇರೇನನ್ನೂ ಕಾಣದೆ, ಜೂನಿನಲ್ಲಿ ಹೋಗಿರಿ ಎಂದು ನಿಮಗೆ ಆಜ್ಞೆ ಮಾಡಿದೆ.

ಅಣ್ಣಾ, ಅದು ನೆಲವಲ್ಲ. ಹಿಮನದಿ ಬೆಟ್ಟದಿಂದ ಕೆತ್ತಿದ ಕಲ್ಲುಮಣ್ಣನ್ನು ತನ್ನ ಅಂಚುಗಳ ಮೇಲೆಯೇ ಹೇರಿಕೊಂಡು ಬರುತ್ತದೆ. ಆ ಹೇರು ದಪ್ಪವಾದಲ್ಲಿ ಬಿಸಿಲು ಕೆಳಗಿಳಿಯುವುದಿಲ್ಲ. ಕೆಳಗಿನ ಹಿಮ ಕರಗದೆ ಉಳಿಯುತ್ತದೆ, ಮೇಲೆ ಹುಲ್ಲು ಕೂಡ ಹುಟ್ಟುತ್ತದೆ, ನೋಡಿದವರು ಏರಿ ಎನ್ನುತ್ತಾರೆ. ನಿಮ್ಮ ಸಾಹೇಬರೂ ಮೋಸಹೋಗಿ ಡೇರೆ ಹಾಕಿದರು. ನಿಮ್ಮ ಗುದ್ದಲಿಗೆ ತಾಗಿದ್ದು ಬಂಡೆಯಲ್ಲ, ಮಣ್ಣು ಬೆರೆತ ಹಿಮ. ನೀವು ಯಾವುದರಿಂದ ಅವನನ್ನು ಹೊರತಂದಿರೋ, ಅರಿಯದೆ ಅದರ ಮೇಲೆಯೇ ಮಲಗಿಸಿದ್ದೀರಿ. ಗುರುತನ್ನು ನೀವು ಮರೆತಿಲ್ಲ. ಕುರಿಯವರು ಯಾವ ಕಲ್ಲನ್ನೂ ಮುಟ್ಟಿಲ್ಲ. ಏರಿ ಪ್ರತಿ ವರ್ಷ ಹೀಗೆಯೇ ಎಂದು ಅವರ ಮುಖಂಡ ಹೇಳಿದ್ದು ನಿಜ. ಹೊಂಡ ಬೆಳೆಯುತ್ತಿರುವುದು ಅದರ ಗೋಡೆಗಳೇ ಹಿಮವಾಗಿರುವುದರಿಂದ. ಆ ದಂಡೆಯನ್ನು ಅಗೆಯುವವನು ತಾನು ನಿಂತ ನೆಲವನ್ನೇ ಅಗೆಯುತ್ತಾನೆ, ಏರಿಯ ಸಮೇತ ನೀರಿಗೆ ಹೋಗುತ್ತಾನೆ.

ಇದನ್ನು ಓದಿ ನೀವು ಅಗೆಯುವುದನ್ನು ಬಿಡುವಿರೆಂದು ಮೊದಲು ಅಂದುಕೊಂಡಿದ್ದೆ. ನಿಮ್ಮ ಪತ್ರಗಳನ್ನೆಲ್ಲ ಸಾಲಾಗಿ ಓದಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಬಿರುಕಿನೊಳಗೆ ಹಗ್ಗದಿಂದ ಇಳಿದವರು ನೀವು. ಗೆಳೆಯ ಇನ್ನೂ ಹಿಮದ ಮೇಲೇ ಇದ್ದಾನೆ, ಜಾರುತ್ತಿದ್ದಾನೆ ಎಂದು ತಿಳಿದರೆ ಸೆಪ್ಟೆಂಬರಿನವರೆಗೂ ಕಾಯಲಾರಿರಿ, ಒಪ್ಪಿಗೆಯ ಮಾತನ್ನೂ ಮೀರಿ ಹತ್ತುವಿರಿ. ಒಂದು ವೇಳೆ ಹತ್ತದೆ ಉಳಿದರೂ, ಒಂದು ಕೆಲಸವನ್ನು ಮಾತ್ರ ಎಚ್ಚರದಿಂದ ಮಾಡಿದೆ ಎಂದು ಬರೆದಿದ್ದಿರಲ್ಲ, ಆ ಒಂದನ್ನೂ ನಿಮ್ಮಿಂದ ಕಿತ್ತುಕೊಂಡಂತಾಗುತ್ತದೆ. ಅದನ್ನು ಕಿತ್ತುಕೊಂಡು ನಾನು ಏನು ಮಾಡಲಿ? ಉತ್ತರ ನನಗೆ ಗೊತ್ತಿತ್ತು ಎಂದು ತೋರಿಸಿದಂತಾಗುತ್ತದೆ, ಅಷ್ಟೇ.

ಮೊನ್ನೆ ಹುಬ್ಬಳ್ಳಿಯಲ್ಲಿ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮ ತಾಯಿ ತಾಜಬಿಯವರು ಬಾಗಿಲಲ್ಲಿಯೇ ನನ್ನ ಕೈ ಹಿಡಿದುಕೊಂಡರು.

"ನಿನಗ ಕಾಗದಾ ಬರೀತಾನಂತಲ್ಲವ್ವಾ ನಮ್ಮ ಕಮರು. ನನಗ ಬರೂದು ಬರೇ ಛಲೋ ಅದೇನಿ, ಛಲೋ ಅದೇನಿ. ಖರೇ ಛಲೋ ಅದಾನೇನು?"

"ಅದಾರ್ರಿ," ಎಂದೆ.

"ಕಂಬಳಿ ಸಾಲತೈತೇನು ಅಲ್ಲಿ? ಇನ್ನೊಂದು ನೇಯಿಸಿಟ್ಟೇನಿ. ಕಳಸೂಣಂದ್ರ, ಬಂದ ಒಯ್ತೇನಿ ಅಂತಾನ. ಬರತಾನೋ ಇಲ್ಲೋ."

ಆ ಕಂಬಳಿಯನ್ನು ತೆಗೆದು ನನ್ನ ತೊಡೆಯ ಮೇಲೆ ಹಾಸಿ ತೋರಿಸಿದರು. ನಾನು ಅದರ ಅಂಚನ್ನು ಹಿಡಿದು ನೋಡಿದೆ.

ಅಲ್ಲಿಂದ ಗಬ್ಬೂರಿಗೆ ಹೋದೆ. ಹೆಬ್ಬೆಟ್ಟು ಒತ್ತಲು ಅವ್ವ ಕೈ ತೊಳೆದುಕೊಂಡು ಕುಳಿತಿದ್ದಳು. ನೀವು ಒಪ್ಪಿಗೆ ಕೇಳಿ ಬರೆದಿದ್ದೀರೆಂದು ಧಾರವಾಡಕ್ಕೆ ಬಂದು ಹೋಗಿದ್ದ ಕಾಕಾನಿಂದ ಅವಳಿಗೆ ತಿಳಿದಿತ್ತು. ಹೊಲದಲ್ಲಿ ತಂದೆಯವರ ಪಕ್ಕದ ಜಾಗದ ಕಳೆ ತೆಗೆಸಿದ್ದಾಳೆ. ಕಾಗದವನ್ನು ನಾನು ಇನ್ನೂ ಬರೆದಿಲ್ಲ, ನಾಳೆ ಬರೆಯುತ್ತೇನೆ ಎಂದೆ. "ಲಗೂ ಬರಿಯವ್ವಾ, ಅಲ್ಲಿ ಮತ್ತ ಹಿಮಾ ಬೀಳತೈತಿ," ಎಂದಳು. ಅವಳಿಗೆ ಏನು ಹೇಳಬೇಕೆಂದು ನನಗೆ ಇನ್ನೂ ತಿಳಿದಿಲ್ಲ. ಒಮ್ಮೆ ಲೆಕ್ಕದಿಂದ ಅವಳಿಗೆ ಮಗನನ್ನು ಕೊಟ್ಟೆ, ಒಮ್ಮೆ ನಿಜದಿಂದ ಕಿತ್ತುಕೊಂಡೆ. ಮೂರನೆಯ ಸಲ ಏನು ಮಾಡಿದರೂ ಅವಳು ನನ್ನನ್ನು ಕ್ಷಮಿಸುವುದಿಲ್ಲ, ನೀವೂ ಕ್ಷಮಿಸುವುದಿಲ್ಲ. ಅವನನ್ನು ಮಲಗಿಸಿದ ನಿಮ್ಮ ಕೈಗಳ ಮೇಲೆ ನನಗೆ ನಂಬಿಕೆಯಿಲ್ಲವೆಂದೇ ನೀವು ತಿಳಿಯುವಿರಿ. ತಿಳಿಯಿರಿ.

ಅಣ್ಣ ಎಷ್ಟು ವೇಗದಿಂದ ಹೋಗುತ್ತಿದ್ದಾನೆಂದು ನಾನು ಲೆಕ್ಕ ಮಾಡಿಲ್ಲ. ನಿಮ್ಮ ಕಂಬಳಿ ಅವನ ಮೇಲಿದೆ ಎಂಬುದಷ್ಟೇ ನನಗೆ ಗೊತ್ತು, ಅದಕ್ಕಿಂತ ಹೆಚ್ಚನ್ನು ತಿಳಿಯುವ ಆಸೆ ಈಗ ಇಲ್ಲ.

ಇದನ್ನು ಕಳಿಸುವುದಿಲ್ಲ.


ಧಾರವಾಡ
೧೬ ಆಗಸ್ಟ್ ೧೯೩೭

ಕಮರುದ್ದೀನ ಅಣ್ಣನವರಿಗೆ,

ನಿಮ್ಮ ಜುಲೈ ಇಪ್ಪತ್ತೆರಡರ ಪತ್ರ ತಲುಪಿತು. ಹೊದಿಸಿದ ಸಂಗತಿಯನ್ನು ಅವ್ವನಿಗೆ ಹೇಳಿದ್ದೇನೆ. ನಿಮ್ಮ ತಾಯಿಯವರನ್ನು ಹುಬ್ಬಳ್ಳಿಯಲ್ಲಿ ಕಂಡು ಬಂದೆ. ನೀವು ದಸರೆಗೆ ಮೊದಲು ಊರಿಗೆ ಬರಬೇಕೆಂದು ಅವರ ಅಪೇಕ್ಷೆ, ನನ್ನದೂ ಅದೇ. ಕುರಿ ಕಾಯುವವರ ಮೇಲೆ ಕೊಟ್ಟ ದೂರನ್ನು ಹಿಂದಕ್ಕೆ ತೆಗೆದುಕೊಳ್ಳಿರಿ.

ಅಣ್ಣನನ್ನು ಮಲಗಿಸಿದ ಜಾಗವನ್ನು ಅಗೆಯಲು ನಾನು ಒಪ್ಪಿಗೆ ಕೊಡುವುದಿಲ್ಲ.

ದಾನವ್ವ